ಹಳೆಯ ಎರಡು ಟಬ್ಬಿನ ವಾಷಿಂಗ್ ಮಷೀನ್: ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಗೆ ಮೊದಲ ವಾಷಿಂಗ್ ಮಷೀನ್ ಬಂದದ್ದು 1994ರಲ್ಲಿ. ಅಮ್ಮ ಎರಡು ವರ್ಷ ಚೀಟಿ ಕಟ್ಟಿ, ಚೀಟಿ ಎತ್ತಿದ ವಾರವೇ ತಂದರು. ಹಿತ್ತಲಿನ ಒಗೆಯುವ ಕಲ್ಲು ಇವತ್ತಿಗೂ ಅಲ್ಲೇ ಇದೆ, ಮಷೀನೂ ಇದೆ, ಇವತ್ತಿಗೂ ಒಗೆಯುತ್ತದೆ. ಅದನ್ನು ನೋಡಿದವರು, ಅಂಥದ್ದೇ ಒಂದು ಬೇಕು ಎಂದವರು, ಅಜ್ಜಿಯ ಮನೆಯಲ್ಲಿ ಮೂಲೆ ಸೇರಿದ್ದನ್ನು ಮತ್ತೆ ಓಡಿಸಬೇಕು ಎಂದವರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳು ಇವು.

ಇಲ್ಲಿ 'ಹಳೆಯ ಮಷೀನ್' ಅಂದರೆ ಯಾವುದು?

ಹೆಚ್ಚಾಗಿ 1980ರ ದಶಕದ ಕೊನೆಯಿಂದ 2000ದ ಆಸುಪಾಸಿನವರೆಗೆ ನಮ್ಮ ಮನೆಗಳಿಗೆ ಬಂದ ಸೆಮಿ ಆಟೊಮ್ಯಾಟಿಕ್. ಒಂದು ಪಕ್ಕ ಒಗೆಯುವ ಟಬ್, ಇನ್ನೊಂದು ಪಕ್ಕ ನಾವೆಲ್ಲ 'ಡ್ರೈಯರ್' ಎಂದು ಕರೆಯುವ ಹಿಂಡುವ ಟಬ್, ಮೇಲೆ ಮೂರು ನಾಲ್ಕು ತಿರುಪುಗಳು. ನಿಜವಾಗಿ ಅದು ಒಣಗಿಸುವುದಿಲ್ಲ, ಜೋರಾಗಿ ತಿರುಗಿಸಿ ನೀರನ್ನು ಹೊರಗೆ ಚಿಮ್ಮಿಸುತ್ತದೆ. ಆದರೂ ಡ್ರೈಯರ್ ಎಂಬ ಹೆಸರೇ ಅಂಗಡಿಯಲ್ಲೂ ಮೆಕ್ಯಾನಿಕ್ ಬಾಯಲ್ಲೂ ನಿಂತಿರುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಮುಂದಿನಿಂದ ಬಟ್ಟೆ ಹಾಕುವ ಹಳೆಯ ಮಷೀನಿನ ಬಗ್ಗೆ ಕೆಳಗೆ ಒಂದು ಪ್ರಶ್ನೆ ಇದೆ.

ಈ ವಿನ್ಯಾಸ ನಮ್ಮಲ್ಲಿಗೆ ಹೇಗೆ ಬಂತು?

ನನಗೆ ಬಹಳ ಇಷ್ಟವಾದ ಕಥೆ ಇದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಮರ್ಥರ್ ಟಿಡ್ವಿಲ್ ಎಂಬ ಊರಿನಲ್ಲಿ ಹೂವರ್ ಕಂಪನಿ 1948ರಲ್ಲಿ ವಾಷಿಂಗ್ ಮಷೀನ್ ಕಾರ್ಖಾನೆ ತೆರೆಯಿತು. ಅಲ್ಲಿ ತಯಾರಾದ ಪುಟ್ಟ ಮಷೀನಿನ ಟಬ್ಬಿನ ಪಕ್ಕದ ಗೋಡೆಯಲ್ಲಿ ಒಂದು ಚಪ್ಪಟೆ ತಟ್ಟೆ ಇತ್ತು. ಅದು ಗಿರ್ರನೆ ತಿರುಗಿದರೆ ನೀರು ಸುಳಿಯಾಗಿ ಬಟ್ಟೆಯನ್ನು ಒಗೆಯುತ್ತಿತ್ತು. ಈ ತಟ್ಟೆಯೇ ಪಲ್ಸೇಟರ್. ಹಿಂಡುವುದಕ್ಕೆ ಮಾತ್ರ ಕೈಯಿಂದ ತಿರುಗಿಸುವ ಎರಡು ಉರುಳೆಗಳು.

ಅದೇ ತತ್ವದ ಮೇಲೆ ಜಪಾನಿನ ಸ್ಯಾನ್ಯೋ 1953ರಲ್ಲಿ ತನ್ನ ಮಷೀನನ್ನು 28,500 ಯೆನ್‌ಗೆ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲು ಅಲ್ಲಿ ಸಿಗುತ್ತಿದ್ದವು ನಡುವೆ ದೊಡ್ಡ ಕಂಬ ತಿರುಗುವ, ದುಬಾರಿ ಮಷೀನುಗಳು. ಸ್ಯಾನ್ಯೋದ ಬೆಲೆ ಅವುಗಳ ಸುಮಾರು ಅರ್ಧದಷ್ಟಿತ್ತು. ಆ ದಶಕದಲ್ಲಿ ಜಪಾನಿನ ಕುಟುಂಬಗಳು ವಾಷಿಂಗ್ ಮಷೀನ್, ಫ್ರಿಜ್, ಕಪ್ಪುಬಿಳುಪು ಟಿವಿ ಮೂರನ್ನೂ ಸೇರಿಸಿ 'ಮೂರು ದಿವ್ಯ ನಿಧಿಗಳು' ಎಂದು ಕರೆಯುತ್ತಿದ್ದವು. ಮುಂದೆ ಉರುಳೆಗಳು ಹೋಗಿ, ಆ ಜಾಗಕ್ಕೆ ತಿರುಗಿ ಹಿಂಡುವ ಎರಡನೆಯ ಟಬ್ ಬಂತು.

ನಮ್ಮ ದೇಶದ ಕಂಪನಿಗಳು ಜಪಾನಿನವರ ಜೊತೆ ಒಪ್ಪಂದ ಮಾಡಿಕೊಂಡಾಗ ಈ ಎರಡು ಟಬ್ಬಿನ ರೂಪವೇ ಇಲ್ಲಿಗೂ ಬಂತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಬಿಪಿಎಲ್ ಸ್ಯಾನ್ಯೋ ಜೊತೆ ಕೈಜೋಡಿಸಿತ್ತು. ಔರಂಗಾಬಾದಿನ ಕಡೆಯ ವಿಡಿಯೋಕಾನ್ ತನ್ನ ಮಷೀನನ್ನು ದೂರದರ್ಶನದ ಜಾಹೀರಾತಿನ ಮೂಲಕ ಮನೆಮನೆಗೂ ಪರಿಚಯಿಸಿತು. ಅಂದರೆ ನಿಮ್ಮ ಅಜ್ಜಿಯ ಮನೆಯ ಮೂಲೆಯಲ್ಲಿರುವ ಮಷೀನಿನ ಮುತ್ತಜ್ಜಿ ವೇಲ್ಸಿನವಳು, ಅಜ್ಜಿ ಜಪಾನಿನವಳು.

ಹೊಸದು ಕಂತಿನಲ್ಲಿ ಸಿಗುವಾಗ ಹಳೆಯದು ಯಾಕೆ?

ಎಲ್ಲರಿಗೂ ಬೇಕಿಲ್ಲ. ಬೆಳಿಗ್ಗೆ ಬಟ್ಟೆ ಹಾಕಿ ಆಫೀಸಿಗೆ ಹೋಗಿ ಸಂಜೆ ತೆಗೆಯುವವರಿಗೆ ಇದು ಹೊಂದುವುದಿಲ್ಲ. ನೀರು ತುಂಬುವುದು, ಬಿಡುವುದು, ಒದ್ದೆ ಬಟ್ಟೆಯನ್ನು ಡ್ರೈಯರಿಗೆ ಎತ್ತಿ ಹಾಕುವುದು, ಎಲ್ಲ ನಾವೇ ಮಾಡಬೇಕು. ಸೊಂಟನೋವು ಇರುವವರಿಗೆ ನಾನು ಇದನ್ನು ತೆಗೆದುಕೊಳ್ಳಿ ಎಂದು ಹೇಳುವುದಿಲ್ಲ.

ಆದರೆ ಮೂರು ವಿಷಯಗಳಲ್ಲಿ ಇದು ನಿಜಕ್ಕೂ ಒಳ್ಳೆಯದು. ಒಂದು, ಹಿಂಡುವ ಶಕ್ತಿ. ಡ್ರೈಯರ್ ಟಬ್ ನೇರವಾಗಿ ಮೋಟಾರಿನ ಮೇಲೆಯೇ ಕೂತಿರುತ್ತದೆ, ನಡುವೆ ಬೆಲ್ಟ್ ಇಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಆ ಬಗೆಯ ಮೋಟಾರು ನಿಮಿಷಕ್ಕೆ 1,300ರಿಂದ 1,400 ಸುತ್ತು ಹೊಡೆಯುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಫುಲ್ ಆಟೊಮ್ಯಾಟಿಕ್ ಮಷೀನುಗಳು ಸಾಮಾನ್ಯವಾಗಿ ಅದರ ಅರ್ಧದ ಹತ್ತಿರ ಇರುತ್ತವೆ. ಮಲೆನಾಡಿನ ಆಷಾಢದಲ್ಲಿ, ವಾರವಿಡೀ ಬಿಸಿಲು ಕಾಣದಾಗ, ಈ ಅಂತರ ಬೆಡ್‌ಶೀಟಿನ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ.

ಎರಡು, ನೀರು. ಬಿಳಿ ಬಟ್ಟೆ ಒಗೆದ ಸೋಪಿನ ನೀರಿನಲ್ಲೇ ಬಣ್ಣದ ಬಟ್ಟೆ, ಅದಾದ ಮೇಲೆ ಕಾಲೊರೆಸುವ ಬಟ್ಟೆ, ಕೊನೆಗೆ ಆ ನೀರಿನಲ್ಲೇ ಹಿತ್ತಲು ತೊಳೆಯುವುದು. ನಮ್ಮಮ್ಮ ಮಾಡುತ್ತಿದ್ದದ್ದು ಇದೇ. ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ಇದರ ಬೆಲೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರು, ರಿಪೇರಿ. ಇದರೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲ. ಎರಡು ಮೋಟಾರು, ಎರಡು ಟೈಮರ್, ಮೋಟಾರು ತಿರುಗಲು ಶುರುವಾಗುವುದಕ್ಕೆ ನೆರವಾಗುವ ಕೆಪಾಸಿಟರ್, ಒಂದು ಬೆಲ್ಟ್, ಒಂದು ಗೇರ್ ಬಾಕ್ಸ್, ಕೆಲವು ರಬ್ಬರ್ ಸೀಲ್. ಹಿಂದಿನ ಮುಚ್ಚಳ ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಹೆಚ್ಚಿನದು ಕೈಗೂ ಸಿಗುತ್ತದೆ.

ಎಲ್ಲಿ ಹುಡುಕಬೇಕು?

ಗುಜರಿ ಅಂಗಡಿಯಲ್ಲಿ ಕೊನೆಗೆ ಹುಡುಕಿ. ಅಲ್ಲಿಗೆ ಬರುವ ಹೊತ್ತಿಗೆ ಮಷೀನು ಮಳೆಯಲ್ಲಿ ನೆನೆದಿರುತ್ತದೆ, ತಾಮ್ರಕ್ಕಾಗಿ ಮೋಟಾರು ಬಿಚ್ಚಿರುತ್ತಾರೆ. ಬಿಡಿಭಾಗ ಬೇಕಿದ್ದರೆ ಮಾತ್ರ ಅದು ಒಳ್ಳೆಯ ಜಾಗ.

ಚೆನ್ನಾಗಿ ನೋಡಿಕೊಂಡ ಮಷೀನು ಸಿಗುವುದು ಮನೆಗಳಲ್ಲಿ. ಮಕ್ಕಳು ಹೊರದೇಶಕ್ಕೆ ಹೋಗಿ, ವಯಸ್ಸಾದವರು ಅಪಾರ್ಟ್‌ಮೆಂಟಿಗೆ ಸಾಗುವಾಗ. ಹಳೆಯ ಮನೆ ಕೆಡವುವ ಮೊದಲು. ಮಗ ಸೊಸೆ ಹೊಸದನ್ನು ತಂದು ಹಳೆಯದು ಬಚ್ಚಲ ಪಕ್ಕ ಮೂಲೆ ಸೇರಿದಾಗ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರ, ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಇಂಥ ಹಳೆಯ ಬಡಾವಣೆಗಳಲ್ಲಿ ಇಸ್ತ್ರಿ ಅಂಗಡಿಯವರನ್ನೂ ಮೆಕ್ಯಾನಿಕ್‌ಗಳನ್ನೂ ಕೇಳಿ. ಯಾರ ಮನೆಯಲ್ಲಿ ಏನಿದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ. ಆನ್‌ಲೈನ್ ಜಾಹೀರಾತು ನೋಡುವುದಾದರೆ 'ಗುಡ್ ಕಂಡಿಶನ್' ಎಂಬ ಮಾತಿಗಿಂತ ಫೋಟೋದ ಹಿನ್ನೆಲೆ ನೋಡಿ. ಮಷೀನು ಮನೆಯೊಳಗೆ ನಿಂತಿದೆಯೇ, ಬಿಸಿಲು ಮಳೆಗೆ ತೆರೆದ ಟೆರೇಸಿನಲ್ಲಿದೆಯೇ ಎಂಬುದು ಅಲ್ಲೇ ಕಾಣುತ್ತದೆ.

ಇದು ಎಷ್ಟು ಹಳೆಯದು ಎಂದು ಹೇಗೆ ತಿಳಿಯುವುದು?

ಹಿಂಬದಿಯ ಫಲಕದಲ್ಲಿ ಮಾದರಿ, ಸೀರಿಯಲ್ ಸಂಖ್ಯೆ ಇರುತ್ತವೆ. ಎಷ್ಟೋ ಬಾರಿ ತಯಾರಾದ ವರ್ಷ ಮಾತ್ರ ಅಳಿಸಿಹೋಗಿರುತ್ತದೆ. ಆಗ ನಾನು ಮೊದಲು ನೋಡುವುದು ಅಂಗಡಿಯವನು ಅಂಟಿಸಿದ ಸ್ಟಿಕ್ಕರ್. ಬೆಂಗಳೂರಿನ ಅಂಗಡಿಯ ಫೋನ್ ನಂಬರಿನ ಮುಂದೆ 0812 ಎಂದಿದ್ದರೆ, ಅದು 080 ಬರುವುದಕ್ಕೂ ಮೊದಲಿನದು. ಎಂಟು ಅಂಕಿಯ ನಂಬರಿದ್ದರೆ 2000ದ ಈಚಿನದು.

ಬಿಲ್ ಉಳಿದಿದ್ದರೆ ಇನ್ನೂ ಸುಲಭ. ತಾರೀಖಿನ ಮೇಲೆ ಶಾಯಿ ಚೆಲ್ಲಿದ್ದರೂ ತೆರಿಗೆಯ ಸಾಲು ಓದಿ. ಕೆಎಸ್‌ಟಿ (ಕರ್ನಾಟಕ ಮಾರಾಟ ತೆರಿಗೆ) ಎಂದಿದ್ದರೆ 2005ರ ಏಪ್ರಿಲ್‌ಗಿಂತ ಮೊದಲಿನದು, ಏಕೆಂದರೆ ಆ ತಿಂಗಳಿನಿಂದ ಕರ್ನಾಟಕದಲ್ಲಿ ವ್ಯಾಟ್ ಜಾರಿಯಾಯಿತು. ಮೂವತ್ತು ವರ್ಷದ ಬಿಲ್ಲು, ವಾರಂಟಿ ಕಾರ್ಡು, ಕೈಪಿಡಿ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರುವ ಮನೆ ಸಿಕ್ಕರೆ ಮಷೀನನ್ನು ನೋಡುವ ಮೊದಲೇ ನನಗೆ ಅರ್ಧ ಭರವಸೆ ಬಂದಿರುತ್ತದೆ.

ಚೆನ್ನಾಗಿ ನೋಡಿಕೊಂಡಿದ್ದಾರೆ ಎಂಬುದನ್ನು ಹೇಗೆ ಗುರುತಿಸುವುದು?

ಹೊಳಪು ನೋಡಬೇಡಿ. ಮಾರುವ ಹಿಂದಿನ ದಿನ ಯಾರು ಬೇಕಾದರೂ ಒರೆಸಬಹುದು. ಒಂದೇ ದಿನದಲ್ಲಿ ಮಾಡಲಾಗದ ಕೆಲಸಗಳ ಗುರುತು ಹುಡುಕಿ.

ಮೊದಲು ಮೂಗು. ಡ್ರೈಯರ್ ಮುಚ್ಚಳ ತೆರೆದ ಕೂಡಲೇ ಕೊಳೆತ ಒದ್ದೆ ಬಟ್ಟೆಯ ವಾಸನೆ ಬಂದರೆ, ವರ್ಷಾನುಗಟ್ಟಲೆ ಒಗೆದ ತಕ್ಷಣ ಮುಚ್ಚಳ ಮುಚ್ಚಿಟ್ಟಿದ್ದಾರೆ ಎಂದರ್ಥ. ಒಳಗಿನ ಟಬ್ಬಿಗೂ ಹೊರಗಿನ ಟಬ್ಬಿಗೂ ನಡುವೆ ಸೋಪಿನ ಗಸಿ ಕೂತಿರುತ್ತದೆ.

ಆಮೇಲೆ ವಯರು. ಕರೆಂಟಿನ ವಯರು ಮಷೀನಿನಿಂದ ಹೊರಬರುವ ಜಾಗದಲ್ಲಿ ಬಿರುಕಿಲ್ಲದೆ ಮೆತ್ತಗಿದ್ದರೆ, ಪ್ಲಗ್ಗಿನ ಪಿನ್ ಕಪ್ಪಾಗಿಲ್ಲದಿದ್ದರೆ ಒಳ್ಳೆಯ ಲಕ್ಷಣ. ಇನ್ಸುಲೇಶನ್ ಟೇಪು ಸುತ್ತಿದ್ದರೆ ಯಾಕೆ ಎಂದು ಕೇಳಿ.

ಮೂರನೆಯದು, ಪಲ್ಸೇಟರ್ ಅಂಚು. ಕೈಯಾಡಿಸಿ. ನಾಣ್ಯ, ಸೇಫ್ಟಿ ಪಿನ್, ಬ್ಲೌಸಿನ ಹುಕ್ಕು ಬಿದ್ದು ತಿರುಗಿದ್ದರೆ ಅಂಚು ಗರಗಸದಂತಾಗಿರುತ್ತದೆ. ಅದು ಬಟ್ಟೆಯನ್ನು ಎಳೆ ಎಳೆಯಾಗಿ ತಿನ್ನುತ್ತದೆ. ನುಣುಪಾಗಿದ್ದರೆ, ಪ್ರತಿ ಜೇಬನ್ನೂ ತಡವಿ ನೋಡಿ ಬಟ್ಟೆ ಹಾಕುವವರೊಬ್ಬರು ಆ ಮನೆಯಲ್ಲಿದ್ದರು. ಅದರ ಜೊತೆಗೇ ಟಬ್ಬಿನ ಪಕ್ಕಕ್ಕೆ ಸಿಕ್ಕಿಸುವ ಪುಟ್ಟ ಜಾಲರಿ ಚೀಲ ಇದೆಯೇ ನೋಡಿ. ಬಟ್ಟೆಯ ನೂಲು, ಜೂಲು ಹಿಡಿಯುವುದು ಅದು. ಮೊದಲು ಹರಿಯುವುದೂ, ಮೊದಲು ಕಳೆದುಹೋಗುವುದೂ ಅದೇ. ನಾನು ನೋಡಿದ ಒಂದು ಮಷೀನಿನಲ್ಲಿ ಅದನ್ನು ಹಳೆಯ ಸೊಳ್ಳೆ ಪರದೆಯ ತುಂಡಿನಿಂದ ಮತ್ತೆ ಹೊಲಿದು, ಬಿಳಿ ದಾರದಲ್ಲಿ ಒತ್ತೊತ್ತಾಗಿ ಅಂಚು ಕಟ್ಟಿದ್ದರು. ಬೇರೇನೂ ನೋಡದೆ ಕೊಂಡೆ. ತಪ್ಪಾಗಲಿಲ್ಲ.

ಕೊನೆಗೆ ತಳ. ಮಷೀನನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಕೆಳಗೆ ಇಲಿ ಬಾರದಂತೆ ಹಾಕಿದ ಜಾಲರಿ ಅಥವಾ ತಟ್ಟೆ ಇದೆಯೇ ನೋಡಿ. ನಾನು ಕೊಂಡ ಮೊದಲ ಹಳೆಯ ಮಷೀನಿನಲ್ಲಿ ಇದನ್ನು ನೋಡಲಿಲ್ಲ. ಮನೆಗೆ ತಂದು ಹಿಂದಿನ ಮುಚ್ಚಳ ಬಿಚ್ಚಿದರೆ ಇಲಿ ಗೂಡು ಕಟ್ಟಿ, ಡ್ರೈಯರ್ ಮೋಟಾರಿನ ವಯರನ್ನು ಬುಡದವರೆಗೆ ಕಡಿದಿತ್ತು. ಮಾರಿದವರಿಗೂ ಗೊತ್ತಿರಲಿಲ್ಲ. ತಗಡಿನ ಮೈಯ ಮಷೀನಾದರೆ ತಳದ ಅಂಚಿನಲ್ಲಿ ತುಕ್ಕು ಎಷ್ಟಿದೆ ಎಂದೂ ನೋಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ನಿಂತ ಮಷೀನಿನಲ್ಲಿ ಬಣ್ಣ ಉಬ್ಬಿದ ಕಡೆ ಬೆರಳಿನಿಂದ ಒತ್ತಿದರೆ ಕುಸಿಯಬಾರದು.

ಮಾರುವವರ ಮುಂದೆಯೇ ಹೇಗೆ ಪರೀಕ್ಷಿಸುವುದು?

ಅರ್ಧ ಗಂಟೆ ಬೇಕು ಎಂದು ಮೊದಲೇ ಹೇಳಿ ಹೋಗಿ. "ಅಮ್ಮ, ಒಂದ್ಸಲ ನೀರು ತುಂಬಿಸಿ ಓಡಿಸಿ ನೋಡ್ಲಾ?" ಎಂದು ಕೇಳಿದರೆ ಮಷೀನಿನ ಮೇಲೆ ಪ್ರೀತಿ ಇರುವವರು ಬೇಡ ಎನ್ನುವುದಿಲ್ಲ. ಓಡಿಸಲು ಬಿಡದವರ ಹತ್ತಿರ ಕೊಳ್ಳಬೇಡಿ.

ಒಗೆಯುವ ಟಬ್ಬಿಗೆ ನೀರು ತುಂಬಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ. ಉಳಿದ ಪರೀಕ್ಷೆ ಮುಗಿಯುವ ಹೊತ್ತಿಗೆ ನೀರು ಗುರುತಿನಿಂದ ಇಳಿದಿದ್ದರೆ, ನೀರು ಬಿಡುವ ಕವಾಟದ ರಬ್ಬರು ಅಥವಾ ಪಲ್ಸೇಟರ್ ಕೆಳಗಿನ ಸೀಲು ಹೋಗಿದೆ. ಕವಾಟದ ರಬ್ಬರು ಸಣ್ಣ ಕೆಲಸ. ಸೀಲು ಸೋರಿ ನೀರು ಗೇರ್ ಬಾಕ್ಸಿಗೆ ಇಳಿದಿದ್ದರೆ ದೊಡ್ಡ ಕೆಲಸ. ಮಷೀನಿನ ಕೆಳಗೆ ಹಳೆಯ ಪತ್ರಿಕೆ ಹಾಸಿದ್ದರೆ ಹನಿ ಎಲ್ಲಿ ಬೀಳುತ್ತಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಈಗ ಒಗೆಯುವ ಟೈಮರನ್ನು 15 ನಿಮಿಷದವರೆಗೂ ತಿರುಗಿಸಿ. ಕಿವಿ ಹತ್ತಿರ ಇಟ್ಟು ಕೇಳಿ: ಟಿಕ್ ಟಿಕ್ ಸದ್ದು ತಡವರಿಸದೆ ಬರಬೇಕು. ಪಲ್ಸೇಟರ್ ಒಂದು ಕಡೆ ತಿರುಗಿ, ಒಂದು ಕ್ಷಣ ನಿಂತು, ಇನ್ನೊಂದು ಕಡೆ ತಿರುಗಬೇಕು. ಒಂದೇ ಕಡೆ ತಿರುಗಿದರೆ ಟೈಮರಿನ ಒಳಗಿನ ಸಂಪರ್ಕ ಸವೆದಿದೆ, ಇಲ್ಲವೇ ಯಾವುದೋ ವಯರು ಬಿಟ್ಟಿದೆ. ಗುಂಯ್ ಎಂದು ಸದ್ದು ಬಂದು ತಿರುಗದೇ ಇದ್ದರೆ ಕೂಡಲೇ ಆಫ್ ಮಾಡಿ. ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ, ಅದು ಅಗ್ಗ. ಹಾಗೇ ಬಿಟ್ಟರೆ ಮೋಟಾರಿನ ವೈಂಡಿಂಗ್ ಸುಡುತ್ತದೆ.

ಡ್ರೈಯರನ್ನು ಎರಡು ಸಲ ಓಡಿಸಬೇಕು, ಮೊದಲು ಖಾಲಿ, ಆಮೇಲೆ ಒಂದು ಒದ್ದೆ ಟವೆಲ್ ಜೋಡಿಯೊಂದಿಗೆ. ಮೋಟಾರು ಮೂರು ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಶುರುವಾಗುವಾಗ ಟಬ್ ಸ್ವಲ್ಪ ಓಲಾಡಿ, ವೇಗ ಹಿಡಿದ ಮೇಲೆ ಬುಗುರಿ ನಿಂತಂತೆ ಸ್ಥಿರವಾಗಬೇಕು. ಕೊನೆಯವರೆಗೂ ಗೋಡೆಗೆ ಬಡಿಯುತ್ತಿದ್ದರೆ ಸ್ಪ್ರಿಂಗಿನ ಬುಶ್ ಹೋಗಿದೆ ಎಂದು ತಿಳಿಯಿರಿ. ತಿರುಗುವಾಗಲೇ ಮುಚ್ಚಳ ಎತ್ತಿ: ಕರೆಂಟು ಕಡಿದು, ಬ್ರೇಕು ಹಿಡಿದು, ಕೆಲವೇ ಸೆಕೆಂಡುಗಳಲ್ಲಿ ನಿಲ್ಲಬೇಕು. ಈ ಪರೀಕ್ಷೆಯಲ್ಲಿ ಸೋತ ಮಷೀನನ್ನು ಬ್ರೇಕು ಸರಿಮಾಡಿಸುವವರೆಗೆ ಬಳಸಲೇಬೇಡಿ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ. ನಿಂತಿತೆಂದು ಭಾವಿಸಿ ಕೈ ಹಾಕಿದಾಗ ತಿರುಗುವ ಬಟ್ಟೆ ಬೆರಳನ್ನು ಸುತ್ತಿಕೊಳ್ಳುತ್ತದೆ.

ಯಾವ ಕಂಪನಿಯದು ಒಳ್ಳೆಯದು?

ಈ ಪ್ರಶ್ನೆಗೆ ನನ್ನ ಉತ್ತರ ಬಹಳ ಜನರಿಗೆ ಹಿಡಿಸುವುದಿಲ್ಲ. ಮೂವತ್ತು ವರ್ಷದ ನಂತರ ಕಂಪನಿಗಿಂತ ಮನೆ ಮುಖ್ಯ. ಒಂದೇ ಕಾರ್ಖಾನೆಯ ಎರಡು ಮಷೀನು, ಒಂದು ಕೋಲಾರದ ಗಡಸು ಬೋರ್‌ವೆಲ್ ನೀರಿನಲ್ಲಿ, ಇನ್ನೊಂದು ಮೈಸೂರಿನ ನದಿ ನೀರಿನಲ್ಲಿ ಬಾಳಿದ್ದರೆ ಅವೆರಡನ್ನೂ ಹೋಲಿಸಲಾಗದು.

ಬಿಡಿಭಾಗದ ದೃಷ್ಟಿಯಿಂದ ಒಂದು ಮಾತು ಹೇಳಬಹುದು. ಸ್ಯಾಮ್ಸಂಗ್ 1995ರಲ್ಲಿ, ಎಲ್‌ಜಿ 1997ರಲ್ಲಿ ಭಾರತಕ್ಕೆ ಬಂದ ಮೇಲೆ ಇಲ್ಲಿನ ಹಳೆಯ ಹೆಸರುಗಳು ಹಿಂದೆ ಸರಿದವು. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸ್ಯಾನ್ಯೋ ಪ್ಯಾನಸೋನಿಕ್‌ನೊಳಗೆ ಸೇರಿ, ಅದರ ವಾಷಿಂಗ್ ಮಷೀನ್ ವಿಭಾಗ ಚೀನಾದ ಹೈಯರ್ ಪಾಲಾಯಿತು. ಹಾಗಾಗಿ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಉಪಯೋಗವಿಲ್ಲ. ಬೆಲ್ಟು, ಕೆಪಾಸಿಟರ್, ಸೀಲಿನಂಥ ಸಾಮಾನ್ಯ ಭಾಗಗಳಿಗೆ ಕಂಪನಿ ಬೇಕಾಗಿಯೂ ಇಲ್ಲ.

ಕರೆಂಟು ಹೋದರೂ ಟೈಮರ್ ಓಡುತ್ತಲೇ ಇರುತ್ತದಲ್ಲ, ಕೆಟ್ಟಿದೆಯೇ?

ಇಲ್ಲ. ಆ ಟೈಮರ್ ಗಡಿಯಾರದಂತೆ ಸ್ಪ್ರಿಂಗಿನಿಂದ ಓಡುವುದು. ನೀವು ತಿರುಗಿಸಿದಾಗ ಕೀಲಿ ಕೊಟ್ಟಂತಾಗುತ್ತದೆ. ಕರೆಂಟು ಇರಲಿ ಬಿಡಲಿ, ಸೊನ್ನೆ ಮುಟ್ಟಿಯೇ ನಿಲ್ಲುತ್ತದೆ. ತೊಂಬತ್ತರ ದಶಕದ ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಮನೆಯೆಲ್ಲ ಕತ್ತಲಾಗಿದ್ದಾಗ ಬಚ್ಚಲ ಕಡೆಯಿಂದ ಆ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಕರೆಂಟು ಬಂದ ಮೇಲೆ ಅಮ್ಮ ಮತ್ತೆ ತಿರುಗಿಸಿ ಶುರು ಮಾಡುತ್ತಿದ್ದರು.

ನಮ್ಮದು ಗಡಸು ನೀರು. ಹಳೆಯ ಮಷೀನು ಬಾಳುತ್ತದೆಯೇ?

ಬಾಳುತ್ತದೆ, ಆದರೆ ಉಪ್ಪು ಕೂರಲು ಬಿಡಬಾರದು. ಬೋರ್‌ವೆಲ್ ನೀರಿನ ಸುಣ್ಣದಂಶ ಸೋಪಿನೊಂದಿಗೆ ಸೇರಿ ಬೂದುಬಣ್ಣದ ಪದರವಾಗಿ ಪಲ್ಸೇಟರ್ ಕೆಳಗೆ, ಡ್ರೈಯರ್ ಟಬ್ಬಿನ ಹೊರಮೈಗೆ ಅಂಟುತ್ತದೆ. ಎರಡು ತಿಂಗಳಿಗೊಮ್ಮೆ ದಿನಸಿ ಅಂಗಡಿಯ ನಿಂಬೆ ಉಪ್ಪು 100 ಗ್ರಾಂ ತಂದು, ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕರಗಿಸಿ, ಬಟ್ಟೆ ಇಲ್ಲದೆ ಹತ್ತು ನಿಮಿಷ ಓಡಿಸಿ, ಒಂದು ಗಂಟೆ ಹಾಗೇ ಬಿಟ್ಟು ನೀರು ತೆಗೆಯಿರಿ. ಆಮೇಲೆ ಎರಡು ಸಲ ಬರಿ ನೀರಿನಲ್ಲಿ ಜಾಲಿಸಿ. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಟಬ್ ಸೊಟ್ಟಗಾಗುತ್ತದೆ.

ಒಂದು ಎಚ್ಚರಿಕೆ. ನಿಂಬೆ ಉಪ್ಪಿನ ಜೊತೆ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವವನ್ನು ಯಾವ ಕಾರಣಕ್ಕೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಾಪಾಯ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಬೆಂಗಳೂರಿನಲ್ಲಿ ಎಸ್‌.ಪಿ. ರಸ್ತೆ ಮತ್ತು ಅದರ ಸುತ್ತಲಿನ ಗಲ್ಲಿಗಳು. ಬೇರೆ ಊರುಗಳಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವವರು, ಮೋಟಾರ್ ವೈಂಡಿಂಗ್ ಅಂಗಡಿಯವರು. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ. ಬೆಲ್ಟಿನ ಮೇಲೆ ಅಚ್ಚಾದ ಅಕ್ಷರ, ಅಂಕಿ ಓದಿಕೊಳ್ಳಿ. ಕೆಪಾಸಿಟರಿನ ಮೇಲೆ ಎಷ್ಟು ಎಂಎಫ್‌ಡಿ, ಎಷ್ಟು ವೋಲ್ಟ್ ಎಂದಿದೆಯೋ ಅಷ್ಟೇ ಇರುವುದನ್ನು ತನ್ನಿ, 'ಸ್ವಲ್ಪ ಹೆಚ್ಚಿದ್ದರೆ ಜೋರಾಗಿ ಓಡುತ್ತದೆ' ಎಂಬ ಮಾತನ್ನು ನಂಬಬೇಡಿ. ತೆಗೆದ ಕೆಪಾಸಿಟರಿನಲ್ಲಿ ಪ್ಲಗ್ಗು ಕಿತ್ತ ಮೇಲೂ ಕರೆಂಟು ಉಳಿದಿರಬಹುದು. ಅದರ ಎರಡು ತುದಿಗಳನ್ನು ಕೈಯಿಂದ ಮುಟ್ಟಬೇಡಿ.

ಮೋಟಾರು ಸುಟ್ಟಿದ್ದರೂ ಗಾಬರಿಯಾಗಬೇಕಿಲ್ಲ. ತಾಮ್ರದ ತಂತಿಯಲ್ಲೇ ವೈಂಡಿಂಗ್ ಮಾಡಿಕೊಡಿ ಎಂದು ಹೇಳಿ, ಹಳೆಯ ತಂತಿಯ ತೂಕವನ್ನೂ ಕೇಳಿ. ಈ ಕೈಕೆಲಸ ಬಲ್ಲವರು ಜಿಲ್ಲಾ ಕೇಂದ್ರಗಳಲ್ಲೆಲ್ಲ ಇನ್ನೂ ಇದ್ದಾರೆ. ಪಂಪ್‌ಸೆಟ್ಟುಗಳು ಇರುವವರೆಗೆ ಇರುತ್ತಾರೆ.

ಶಾಕ್ ಹೊಡೆಯುವ ಭಯವಿದೆ.

ಇರಬೇಕಾದ ಭಯವೇ. ಒದ್ದೆ ನೆಲ, ಬರಿಗಾಲು, ಕರೆಂಟು ಮೂರೂ ಸೇರುವ ಜಾಗ ಇದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಬದಲಿಸಿದ ಮಷೀನಾದರೆ ಮೊದಲ ದಿನವೇ ಸರಿಮಾಡಿಸಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಶಾಕ್ ತಡೆಯುವ ಆರ್‌ಸಿಸಿಬಿ ಸ್ವಿಚ್ಚನ್ನು ಮೀಟರ್ ಬೋರ್ಡಿನಲ್ಲಿ ಹಾಕಿಸಿ. ಮಷೀನು ಓಡುವಾಗ ಲೋಹದ ಸ್ಕ್ರೂಗೆ ಟೆಸ್ಟರ್ ಇಟ್ಟರೆ ದೀಪ ಹೊತ್ತಬಾರದು. ಹೊತ್ತಿದರೆ ಮೇನ್ ಆಫ್ ಮಾಡಿ ಪ್ಲಗ್ಗು ಕಿತ್ತು, ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ.

ಎಷ್ಟು ಕೊಡಬಹುದು?

ಕೆಳಗಿನ ಗಡಿ, ಗುಜರಿಯವರು ತೂಕಕ್ಕೆ ಕೊಡುವ ಬೆಲೆ. ಮೇಲಿನ ಗಡಿ, ಹೊಸ ಸೆಮಿ ಆಟೊಮ್ಯಾಟಿಕ್ ಬೆಲೆಯ ಅರ್ಧ. ಒಳ್ಳೆಯ ಮಷೀನಿಗೆ ನಾನು ಈ ಎರಡರ ನಡುವೆ ಎಲ್ಲಿಯಾದರೂ ಸಂತೋಷದಿಂದ ಕೊಡುತ್ತೇನೆ. ಸಾಗಿಸುವ ಖರ್ಚು, ಒಂದು ಬೆಲ್ಟು, ಒಂದು ಸೀಲು ಇವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ವಯಸ್ಸಾದ ದಂಪತಿ "ಹಾಗೇ ತಗೊಂಡ್ಹೋಗಿ" ಎಂದರೂ ಗುಜರಿ ಬೆಲೆಗಿಂತ ಕಡಿಮೆ ಕೊಟ್ಟು ಬರಬೇಡಿ.

ಮುಂದಿನಿಂದ ಬಟ್ಟೆ ಹಾಕುವ ಹಳೆಯ ಮಷೀನ್ ಕೊಳ್ಳಬಹುದೇ?

ನಮ್ಮಲ್ಲಿ ಆ ಬಗೆಯ ಹಳೆಯ ಮಷೀನು ಎಂದರೆ ಹೆಚ್ಚಾಗಿ ಐಎಫ್‌ಬಿ. ಇಂಡಿಯನ್ ಫೈನ್ ಬ್ಲ್ಯಾಂಕ್ಸ್ ಎಂಬ ಹೆಸರಿನಲ್ಲಿ 1974ರಲ್ಲಿ ಶುರುವಾದ ಕಂಪನಿ ಅದು. ಮುಂದೆ ಜರ್ಮನಿಯ ಬಾಷ್ ತಂತ್ರಜ್ಞಾನದೊಂದಿಗೆ ವಾಷಿಂಗ್ ಮಷೀನ್ ತಯಾರಿಸಿತು. ಸ್ಟೀಲ್ ಡ್ರಮ್ಮು, ಒಳಗೇ ಹೀಟರ್. ತೂಕಕ್ಕೆ ಬೆನ್ನು ಬಾಗುತ್ತದೆ, ಏಕೆಂದರೆ ಅಲುಗಾಡದಂತೆ ಒಳಗೆ ಭಾರದ ಕಲ್ಲು ಕಟ್ಟಿರುತ್ತಾರೆ. ನೋಡಲು ಹೋದಾಗ ಬಾಗಿಲು ತೆರೆದು ಡ್ರಮ್ಮಿನ ಮೇಲಂಚನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಡ್ರಮ್ಮು ಮಾತ್ರ ಟಕ್ ಟಕ್ ಎಂದು ಆಡಿದರೆ ಬೇರಿಂಗ್ ಹೋಗಿದೆ, ಅದರ ಕೆಲಸ ಖರ್ಚಿನದು. ಮೊದಲ ಸಲ ಹಳೆಯ ಮಷೀನು ಕೊಳ್ಳುವವರಿಗೆ ನಾನು ಎರಡು ಟಬ್ಬಿನದನ್ನೇ ಹೇಳುತ್ತೇನೆ.

ಅಮೆರಿಕದಲ್ಲಿರುವ ನಮ್ಮಣ್ಣ ಹಳೆಯ ಮೇಟ್ಯಾಗ್ ಇಟ್ಟುಕೊಂಡಿದ್ದಾನೆ. ಊರಿಗೆ ತರಬಹುದೇ?

ಅಲ್ಲಿಯೇ ಬಳಸಲಿ ಎಂದು ಹೇಳಿ. ಅಯೋವಾ ರಾಜ್ಯದ ನ್ಯೂಟನ್ ಎಂಬ ಊರಿನಲ್ಲಿ 1893ರಲ್ಲಿ ಹುಟ್ಟಿದ ಕಂಪನಿ ಮೇಟ್ಯಾಗ್. 2006ರಲ್ಲಿ ವರ್ಲ್‌ಪೂಲ್ ಅದನ್ನು ಕೊಂಡಿತು, ಮರುವರ್ಷ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು. ಅಲ್ಲಿನ ಹಳೆಯ ಮಷೀನುಗಳನ್ನು ಇಟ್ಟುಕೊಂಡು ಓಡಿಸುವವರು ಇವತ್ತಿಗೂ ಬಹಳ ಮಂದಿ. ಆದರೆ ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಮೋಟಾರು ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿ ಹೆಚ್ಚು ಬಿಸಿಯಾಗುತ್ತದೆ, ಕರೆಂಟಿನಿಂದ ಓಡುವ ಅದರ ಟೈಮರ್ 30 ನಿಮಿಷದ ಕೆಲಸಕ್ಕೆ 36 ನಿಮಿಷ ತೆಗೆದುಕೊಳ್ಳುತ್ತದೆ.

ಹಳದಿಯಾದ ಪ್ಲಾಸ್ಟಿಕ್ಕನ್ನು ಮತ್ತೆ ಬಿಳಿ ಮಾಡಬಹುದೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ. ಆದರೆ ಕೆಲವು ಕಾಲದ ಮೇಲೆ ಹಳದಿ ಮರಳುತ್ತದೆ, ಅಕ್ಷರಗಳೂ ಮಾಸಬಹುದು. ನಾನು ಹಾಗೇ ಬಿಡುತ್ತೇನೆ. ಬೆಣ್ಣೆಯ ಬಣ್ಣಕ್ಕೆ ತಿರುಗಿದ ಆ ಮುಚ್ಚಳ, ಪ್ರತಿದಿನ ಹೆಬ್ಬೆರಳು ತಾಗಿ ನುಣುಪಾದ ಆ ತಿರುಪು, ಇವು ಅದರ ವಯಸ್ಸು.

ಯಾವ ಬಟ್ಟೆ ಹಾಕಬಹುದು? ದಿನವೂ ಬಳಸಬೇಕೆ?

ಹತ್ತಿ ಬಟ್ಟೆ, ಪಂಚೆ, ಟವೆಲ್, ಶಾಲೆಯ ಸಮವಸ್ತ್ರ, ಬೆಡ್‌ಶೀಟ್ ಎಲ್ಲ ಚೆನ್ನಾಗಿ ಒಗೆಯುತ್ತದೆ. ರೇಷ್ಮೆ, ಇಳಕಲ್ ಸೀರೆ, ಜರಿ ಇರುವುದು ಬೇಡ. ಸೀರೆಯನ್ನು ಮಡಿಸಿ ಚೀಲದಲ್ಲಿ ಹಾಕದಿದ್ದರೆ ಪಲ್ಸೇಟರ್ ಹಗ್ಗದಂತೆ ಹೊಸೆದುಬಿಡುತ್ತದೆ. ಪುಡಿಯನ್ನು ಮೊದಲು ನೀರಿನಲ್ಲಿ ಕರಗಿಸಿ ಆಮೇಲೆ ಬಟ್ಟೆ ಹಾಕಿ. ಡ್ರೈಯರಿಗೆ ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿ ತುಂಬಿ, ಮೇಲೆ ಆ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆಯನ್ನು ಮರೆಯದೆ ಇಡಿ. ಕರ್ಚೀಫು, ಕಾಲುಚೀಲ ಹಾರಿ ಟಬ್ಬುಗಳ ನಡುವೆ ಸಿಕ್ಕಿಕೊಳ್ಳದಂತೆ ತಡೆಯುವುದೇ ಅದು.

ದಿನವೂ ಬೇಕಿಲ್ಲ, ಆದರೆ ವಾರಕ್ಕೊಮ್ಮೆಯಾದರೂ ಓಡಿಸಿ. ತಿಂಗಳುಗಟ್ಟಲೆ ಸುಮ್ಮನಿದ್ದರೆ ಸೀಲಿನ ರಬ್ಬರು ಒಣಗಿ ಸೀಳುತ್ತದೆ, ಬೆಲ್ಟು ಒಂದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಕರೆಂಟು ಖರ್ಚು ಬಹಳವೇನಿಲ್ಲ: 350 ವಾಟಿನ ಮೋಟಾರು 15 ನಿಮಿಷ ಓಡಿದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಎರಡೂ ಮುಚ್ಚಳ ತೆರೆದಿಡಿ. ಸರಸ್ವತಿಪುರಂನಲ್ಲಿ ಮಷೀನು ಮಾರಿದ ಅಜ್ಜಿ ಆಟೊ ಹೊರಡುವ ಹೊತ್ತಿಗೂ ಗೇಟಿನ ಹತ್ತಿರ ಬಂದು ಹೇಳಿದ್ದು ಇದನ್ನೇ: "ಮುಚ್ಚಳ ಮುಚ್ಚಿಡ್ಬೇಡ ಕಣಮ್ಮ, ಗಾಳಿ ಆಡ್ಲಿ."

ರಿಪೇರಿಯೇ ಆಗದ ಸ್ಥಿತಿಗೆ ಬಂದರೆ?

ಹೊರಗಿನ ಟಬ್ ಸೀಳಿದರೆ ಅಥವಾ ತಗಡಿನ ಮೈ ತಳದಿಂದ ಕರಗಿದರೆ ಬಿಟ್ಟುಕೊಡುವ ಸಮಯ. ರಸ್ತೆ ಬದಿಗೆ ಹಾಕಬೇಡಿ. ವಾಷಿಂಗ್ ಮಷೀನ್ ಕೂಡ ಇ-ತ್ಯಾಜ್ಯದ ನಿಯಮದೊಳಗೆ ಬರುತ್ತದೆ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಕೊಡುವ ಮೊದಲು ಒಂದು ಸಂಜೆ ಕೂತು ಎರಡು ಟೈಮರ್, ಅವುಗಳ ತಿರುಪುಗಳು, ಜಾಲರಿ ಚೀಲ, ಡ್ರೈಯರಿನ ಬಿಲ್ಲೆ, ಮೂರು ಸ್ಪ್ರಿಂಗು, ಮುಚ್ಚಳಗಳ ಕೀಲು ಬಿಚ್ಚಿ, ಒರೆಸಿ, ಮಾದರಿಯ ಹೆಸರು ಬರೆದ ಚೀಟಿಯೊಂದಿಗೆ ಡಬ್ಬಿಯಲ್ಲಿಡಿ. ಬೆಲ್ಟು, ಕೆಪಾಸಿಟರ್ ಅಂಗಡಿಯಲ್ಲಿ ಸಿಗುತ್ತವೆ, ಇವು ಸಿಗುವುದಿಲ್ಲ. ನಮ್ಮಮ್ಮನ ಮಷೀನಿನಲ್ಲಿ ಈಗ ಇರುವ ಡ್ರೈಯರ್ ಟೈಮರ್ ಹಾಸನದ ಒಂದು ಮನೆಯವರು ಹೀಗೆ ತೆಗೆದಿಟ್ಟದ್ದು.